ಕೆಂಪಿನಡಿಯ ಹಸಿರು

ಭಾನುವಾರ, ಮಧ್ಯಾಹ್ನ
ವರ್ಕ್‌ಶಾಪಿನಿಂದ

ಅಕ್ಕಾ,

ಇದನ್ನು ಕೂತುಕೊಂಡು ಓದು. ಫೋನಿನಲ್ಲೇ ಹೇಳೋಣವೆಂದು ಹೊರಟೆ, ನಂಬರು ಒತ್ತಿ ಕಟ್ ಮಾಡಿಬಿಟ್ಟೆ.

ಹೋದ ವಾರ ಹಲ್ಲಿನ ಡಾಕ್ಟರೊಬ್ಬರು ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ರಿಪೇರಿಗೆ ತಂದರು. ಎರಡೇ ಸೀಟು, ಕೆಂಪು ಬಣ್ಣ, ಬಲು ಚೆಂದ. ಯಾರೋ ದಲ್ಲಾಳಿಯಿಂದ ಕೊಂಡದ್ದಂತೆ. "ನೇರ ಹೋಗು ಅಂದ್ರೆ ಎಡಕ್ಕೇ ಎಳೆಯುತ್ತೆ, ಥೇಟ್ ನನ್ನ ಮಗಳ ಥರ" ಎಂದು ನಕ್ಕರು. ಆ ಮಗಳನ್ನು ಶಾಲೆಗೆ ಬಿಡುವುದೂ ಅದರಲ್ಲೇ. ಅಪ್ಪ ಊರಲ್ಲಿರಲಿಲ್ಲ. ಕೆಲಸ ನಾನೇ ಒಪ್ಪಿಕೊಂಡೆ.

ಕಾರನ್ನು ಮೇಲೆತ್ತಿ ತಳದ ಕಪ್ಪು ಲೇಪ ಕೆರೆದೆ. ಸೀಟುಗಳ ಕೆಳಗೆ, ಈ ಬದಿಯಿಂದ ಆ ಬದಿಯವರೆಗೆ ಅಡ್ಡಲಾಗಿ ಬೆಸುಗೆ. ಎರಡು ಕಾರು ಕತ್ತರಿಸಿ ಒಂದು ಮಾಡಿದ್ದಾರೆ; ಗುದ್ದಿದರೆ ಇಂಥದ್ದು ಬೆಸುಗೆಯಲ್ಲೇ ಎರಡಾಗುತ್ತದೆ. ಮುಂದಿನ ಅರ್ಧ ಯಾರದೋ. ಹಿಂದಿನ ಅರ್ಧದಲ್ಲಿ ಕೆಂಪಿನಡಿ ಹಸಿರು ಕಂಡಿತು. ಡಿಕ್ಕಿಯ ತಳದಲ್ಲಿ, ನಾನು ಕೆಲಸ ಕಲಿಯುವಾಗ ಹಾಕಿದ ಸೊಟ್ಟ ತೇಪೆ. "ಇದು ತೇಪೆ ಅಲ್ಲ ಕಣೆ, ಆಮೆ" ಎಂದು ಬಾವ ಗೇಲಿ ಮಾಡುತ್ತಿದ್ದರಲ್ಲ, ಅದೇ.

ಅಕ್ಕಾ, ಅದು ಬಾವನ ಹಸಿರು ಕಾರು. ಬಾವನ ಜೀವ ತೆಗೆದ ಕಾರು. ಗುಜರಿಯಲ್ಲಿ ಪುಡಿ ಮಾಡಿಸಿದೆ ಎಂದು ಅಪ್ಪ ನಿನ್ನ ಕೈ ಹಿಡಿದು ಹೇಳಿದ್ದ ಕಾರು. ಬೆಸುಗೆಯೂ ಅಪ್ಪನದೇ, ಅವರ ಕೈಯ ಕೆಲಸ ನನಗೆ ಗೊತ್ತಾಗದೆ ಇರುತ್ತದೆಯೇ? ಕೆರೆಯುವ ಉಳಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ.

ಅಪ್ಪ ಬಂದ ಮೇಲೆ ಲೈಟು ಹಿಡಿದು ತೋರಿಸಿದೆ. ಬೆಸುಗೆಯ ಮೇಲೆ ಬೆರಳಾಡಿಸಿದರು.

"ಹಿಂದಿನ ಅರ್ಧ ಚೆನ್ನಾಗಿತ್ತು ಕಣಮ್ಮ. ಚೆನ್ನಾಗಿರೋದನ್ನ ಹೇಗೆ ಪುಡಿ ಮಾಡಿಸ್ಲಿ?"

"ಇದರಲ್ಲಿ ಒಂದು ಮಗು ಶಾಲೆಗೆ ಹೋಗುತ್ತೆ ಅಪ್ಪ" ಅಂದೆ.

ಡಾಕ್ಟರನ್ನು ಕರೆಸಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ತಳ ನೋಡಿದವರು ಪಕ್ಕದ ಟೈರುಗಳ ಮೇಲೆ ಕುಸಿದು ಕೂತರು. ಹೋಗುವಾಗ, ಇದನ್ನು ಇನ್ನು ಯಾರೂ ಓಡಿಸಬಾರದು ಎಂದಷ್ಟೇ ಹೇಳಿದರು. ಇವತ್ತು ಬೆಳಿಗ್ಗೆ ಅಪ್ಪನೇ ಕಟರ್ ಹಿಡಿದು ಆ ಬೆಸುಗೆಯ ಉದ್ದಕ್ಕೂ ಕತ್ತರಿಸಿದರು. ನನ್ನನ್ನು ಹತ್ತಿರಕ್ಕೂ ಸೇರಿಸಲಿಲ್ಲ.

ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ ಎಂದು ಬರೆಯಬೇಕೆಂದಿದ್ದೆ. ಕೈ ಏಳುತ್ತಿಲ್ಲ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಅಪ್ಪ ಕತ್ತರಿಸಿದಾಗ ಒಳಗಿನ ತಗಡಿನ ಪಟ್ಟಿಯೊಂದು ಕಳಚಿ ಬಿತ್ತು. ಅವರು ಆಚೆ ಹೋದ ಮೇಲೆ ನೋಡಿದೆ, ಅದರಡಿ ಇನ್ನೊಂದು ಬೆಸುಗೆ, ಇನ್ನೂ ಹಳೆಯದು. ಅದರ ಮೇಲೂ ನಿಮ್ಮ ಕಾರಿನ ಹಸಿರು ಬಣ್ಣ. ಹೊಲಿಗೆ ಬಿಚ್ಚಿದ ಹಾಗೆ ಬಾಯಿಬಿಟ್ಟು ತುಕ್ಕು ಹಿಡಿದಿದೆ. ಅದೂ ಅಪ್ಪನದೇ. ನಿಮ್ಮ ಮದುವೆಗೆ ಅವರು ಉಡುಗೊರೆ ಕೊಟ್ಟಾಗಲೇ ಆ ಕಾರು ಎರಡು ಕಾರು ಜೋಡಿಸಿದ್ದಾಗಿತ್ತು. ಅಪಘಾತದಲ್ಲಿ ಕಾರು ಆ ಬೆಸುಗೆಯಲ್ಲೇ ಬಿಟ್ಟುಕೊಂಡಿದೆ. ಇದು ಅಪ್ಪನಿಗೆ ಅಂದಿನಿಂದಲೂ ಗೊತ್ತಿತ್ತು, ಅಕ್ಕಾ.