ಲಿಲೆ ಯಾರನ್ನು ಕೂಗಿದಳು

ಜನವರಿ 14, ಥೆಸಲೊನೀಕಿ, ಗ್ರೀಸ್

ಮುದುಕಿ ಯಜಮಾನಿ ಎವ್ದೊಕ್ಸಿಯಾ ಅಮ್ಮನಿಗೆ ಮಾತ್ರೆ, ಸ್ನಾನ, ತಲೆ ಬಾಚಿದ್ದು. ಲಿಲೆಯನ್ನು ಶಾಲೆಗೆ ಬಿಟ್ಟೆ. ಸಂತೆಯಲ್ಲಿ ಪಾಲಕ್, ಕಿತ್ತಳೆ. ಮನೆಗೆ ಬರುವಷ್ಟರಲ್ಲಿ ವಕೀಲರ ಫೋನ್.

"ಖಾತುನಾ, ಇನ್ನು ಅಪೀಲು ಗಿಪೀಲು ಏನೂ ಉಳಿದಿಲ್ಲ. ಮಗೂನ ಅವರಪ್ಪನಿಗೆ ಒಪ್ಪಿಸಬೇಕು. ನೀವಾಗೇ ಕೊಟ್ಟರೆ ಒಳ್ಳೇದು. ನಿಮ್ಮ ವೀಸಾ ಮುಗಿದು ಎಷ್ಟು ವರ್ಷ ಆಯ್ತು ಅಂತ ನಾನು ಹೇಳಬೇಕಾ?"

ಹೇಳಬೇಕಾಗಿಲ್ಲ.

ತಂಗಿ ತ್ಸಿರಾ ತಪ್ಪು ಮಾಡಿದಳು, ಗೊತ್ತು. ಗಂಡ ಗೋಚಾನಿಗೆ ಒಂದು ತಿಂಗಳು ಅಕ್ಕನ ಮನೆ ಎಂದು ಹೇಳಿ, ಮೂರು ವರ್ಷದ ಲಿಲೆಯನ್ನು ಜಾರ್ಜಿಯಾದಿಂದ ಕರೆತಂದವಳು ಹಿಂದಿರುಗಲೇ ಇಲ್ಲ. ಅವನು ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಮಾತೇ ಆಡದವನು. "ಗೋಡೆ ಜೊತೆ ಸಂಸಾರ ಮಾಡಿದ ಹಾಗಿತ್ತು ಕಣೇ" ಎನ್ನುತ್ತಿದ್ದಳು. ಅಕ್ಟೋಬರ್‌ನಲ್ಲಿ ಆಸ್ಪತ್ರೆಯಲ್ಲಿ ಸಾಯುವ ಮುಂಚೆ ನನ್ನ ಕೈ ಹಿಡಿದು ಹೇಳಿದ್ದು ಒಂದೇ — ಕೊಡಬೇಡ.

ಕೊಡಲ್ಲ ಅಂದಿದ್ದೇನೆ.

ಜನವರಿ 22

ಗೋಚಾ ಬಂದ. ಒಬ್ಬನೇ. ಕೈಯಲ್ಲಿ ದ್ರಾಕ್ಷಿ ಪಾಕದಲ್ಲಿ ಅದ್ದಿದ ಅಕ್ರೋಟಿನ ಸರ, ಅವನ ತಾಯಿ ಕಳಿಸಿದ್ದು. ಕೂದಲು ಪೂರ್ತಿ ಬೆಳ್ಳಗಾಗಿದೆ. ಬಾಗಿಲಲ್ಲೇ ನಿಂತ. ಒಳಗೆ ಕರೆಯದಿರಲು ಆಗಲಿಲ್ಲ.

ಲಿಲೆ ನನ್ನ ಹಿಂದೆ. ಅವನು ಮಂಡಿಯೂರಿ ಕೂತು ಹೇಳಿದ, "ಪುಟ್ಟೀ, ಮಾಮಾ ಬಂದಿದೀನಿ."

ನಮ್ಮ ಭಾಷೆಯಲ್ಲಿ ಮಾಮಾ ಎಂದರೆ ಅಪ್ಪ. ಇಲ್ಲಿಯ ಮಕ್ಕಳಿಗೆ ಮಾಮಾ ಎಂದರೆ ಅಮ್ಮ. ಲಿಲೆ ಶಾಲೆಯಲ್ಲಿ ಕಲಿತ ಹಾಗೆ ತ್ಸಿರಾಳನ್ನೇ ಮಾಮಾ ಎಂದು ಕರೆಯುತ್ತಿದ್ದಳು.

"ಮಾಮಾ ಸತ್ತೋದಳಲ್ಲ," ಅಂದಳು. ಗ್ರೀಕ್‌ನಲ್ಲಿ. "ದೊಡ್ಡಮ್ಮಾ, ಈ ತಾತ ಯಾಕೆ ಹೀಗಂತಾರೆ?"

"ಏನಂತಾಳೆ?" ಅವನು ನನ್ನ ಮುಖ ನೋಡಿದ.

"ನಾಚಿಕೆ ಅವಳಿಗೆ," ಅಂದೆ.

ಕಾಫಿ ಕುಡಿದ. ಲೋಟ ತಾನೇ ತೊಳೆದಿಟ್ಟ. ಹೊರಡುವಾಗ ಅಂದ, "ಅಕ್ಕಾ, ಪೊಲೀಸರು ಬರೋದು ನಂಗಿಷ್ಟ ಇಲ್ಲ. ನೀವೂ ಬಂದುಬಿಡಿ ನಮ್ಮೂರಿಗೆ. ಮೇಲಿನ ಕೋಣೆ ಖಾಲಿ ಇದೆ."

"ನಾನು ಹೋದರೆ ಈ ಮುದುಕಿ ಗತಿ?"

"ಮತ್ತೆ ನನ್ನ ಗತಿ?"

ಅವನ ಬಾಯಲ್ಲಿ ಅಷ್ಟು ಮಾತು ನಾನು ಕೇಳಿದ್ದೇ ಮೊದಲು. ಬಾಗಿಲು ಹಾಕಿಕೊಂಡೆ.

ಫೆಬ್ರವರಿ 6

ಇಬ್ಬರು ಪೊಲೀಸರು, ಮಕ್ಕಳ ಇಲಾಖೆಯ ಒಬ್ಬಳು. ಬೆಲ್ ಮಾಡಿದರು. ತೆಗೆಯಲಿಲ್ಲ. ಎವ್ದೊಕ್ಸಿಯಾ ಅಮ್ಮ ಹಾಸಿಗೆಯಿಂದಲೇ ಶುರುಮಾಡಿದಳು. "ಕಳ್ಳರು ನನ್ನ ಪರ್ಸ್ ಕಿತ್ಕೊಂಡು ಹೋದಾಗ ಎಲ್ಲಿ ಸತ್ತಿದ್ರಿ? ಈಗ ಕೂಸನ್ನ ಹಿಡಿಯೋಕೆ ಮೂರು ಜನಾನಾ? ಥೂ ನಿಮ್ಮ!"

ಹೊರಗಿನವಳು ಬಾಗಿಲ ಸಂದಿಯಲ್ಲಿ ಮೆತ್ತಗೆ ಹೇಳಿದಳು, "ಮೇಡಂ, ಮುಂದಿನ ಸಲ ನಮ್ಮ ಕೈಲೂ ಇರಲ್ಲ."

ಇಂದಿನಿಂದ ಶಾಲೆ ಇಲ್ಲ. ಲಿಲೆಗೆ ಹಬ್ಬದ ರಜೆ ಅಂದೆ. ಯಾವ ಹಬ್ಬ ಎಂದು ಕೇಳಿದಳು.

ಫೆಬ್ರವರಿ 9

ಮಳೆ. ಕಿಟಕಿ ಪರದೆ ಎಳೆದೇ ಇಟ್ಟಿದ್ದೇನೆ. ಲಿಲೆ ಮತ್ತು ಮುದುಕಿ ಇಡೀ ದಿನ ಇಸ್ಪೀಟು. ಇಬ್ಬರೂ ಮೋಸ ಮಾಡುತ್ತಾರೆ.

"ಅವರು ಮತ್ತೆ ಬರ್ತಾರಾ?"

"ಇಲ್ಲ."

ಫೆಬ್ರವರಿ 20, ಠಾಣೆ

ಚೀಲದಲ್ಲಿ ಈ ಪುಸ್ತಕವೊಂದು ಉಳಿದಿದೆ. ಪಕ್ಕದ ಹೆಂಗಸು ಪೆನ್ನು ಕೊಟ್ಟಳು.

ಮೊನ್ನೆ ಬಂದರು. ಇನ್ನೂ ಬೆಳಕಾಗುತ್ತಿತ್ತು. ನಾನು ಹಾಲು ಕಾಯಿಸುತ್ತಿದ್ದೆ. ಈ ಸಲ ಬೆಲ್ ಇಲ್ಲ. ಬಾಗಿಲಿಗೆ ಏನೋ ಗುದ್ದಿತು, ಎರಡನೇ ಗುದ್ದಿಗೆ ಚೌಕಟ್ಟು ಸಮೇತ ಒಳಗೆ ಬಂತು. ಹೆಲ್ಮೆಟ್ ಹಾಕಿದ ಗಂಡಸರು. ಎಷ್ಟು ಜನ ಗೊತ್ತಿಲ್ಲ, ಅಡುಗೆಮನೆ ತುಂಬಿತು. ಒಬ್ಬ ನನ್ನನ್ನು ನೆಲಕ್ಕೆ ಒತ್ತಿ ಬೆನ್ನ ಮೇಲೆ ಮೊಣಕಾಲು ಇಟ್ಟ. "ಅಲ್ಲಾಡಬೇಡಿ, ಏನೂ ಆಗಲ್ಲ," ಎನ್ನುತ್ತಲೇ ಇದ್ದ, ಇಂಜೆಕ್ಷನ್ ಚುಚ್ಚುವ ನರ್ಸ್ ಹಾಗೆ.

ಹಾಲು ಉಕ್ಕಿ ಒಲೆ ಮೇಲೆ ಸುರಿಯುತ್ತಿತ್ತು. ಇನ್ನೊಬ್ಬ ಹೋಗಿ ಒಲೆ ಆರಿಸಿದ.

ಲಿಲೆಯನ್ನು ಮುದುಕಿಯ ಹೊದಿಕೆಯೊಳಗಿಂದ ಎಳೆದರು. ಮುದುಕಿ ಊರುಗೋಲಲ್ಲಿ ಹೊಡೆದಳು, ಯಾರಿಗೂ ತಾಗಲಿಲ್ಲ. ಒಬ್ಬ ಮಹಿಳಾ ಪೊಲೀಸ್ ಮಗುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡಳು. ಅವಳ ಮಣಿಕಟ್ಟನ್ನು ಲಿಲೆ ಕಚ್ಚಿ ಹಿಡಿದಿದ್ದಳು. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಹಾಗೇ ಮೆಟ್ಟಿಲು ಇಳಿದಳು. ಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೀರಲ್ಲ, ಉಚ್ಚೆ.

ಮೆಟ್ಟಿಲ ಉದ್ದಕ್ಕೂ ಒಂದೇ ಕೂಗು. ಮಾಮಾ. ಮಾಮಾ. ದೊಡ್ಡಮ್ಮಾ ಎಂದು ಕೂಗಲಿಲ್ಲ.

ಕೆಳಗೆ ರಸ್ತೆಯಲ್ಲಿ ಗೋಚಾ ಕಾರಿನ ಪಕ್ಕ ನಿಂತಿದ್ದನಂತೆ.

ನನ್ನ ಪಾಸ್‌ಪೋರ್ಟ್ ಕೇಳಿದರು. ತೆಗೆದುಕೊಟ್ಟೆ.

ಮಾರ್ಚ್ 3

ಇದು ಪರದೇಶದವರನ್ನು ಇಡುವ ಕಟ್ಟಡ. ಊಟಕ್ಕೆ ಬೀನ್ಸ್, ದಿನಾ ಬೀನ್ಸ್. ಭಾನುವಾರ ಫೋನ್ ಕೊಡುತ್ತಾರೆ.

ಮುದುಕಿಗೆ ಮಾಡಿದೆ. ಹೊಸ ಬಾಗಿಲು ಹಾಕಿಸಿದ್ದಾಳೆ. ಹೊಸ ಹೆಂಗಸನ್ನೂ ಇಟ್ಟುಕೊಂಡಿದ್ದಾಳೆ, ಬಲ್ಗೇರಿಯಾದವಳು. "ಅವಳ ಸೂಪು ಪಾತ್ರೆ ತೊಳೆದ ನೀರು ಕಣೇ," ಅಂದಳು. ಆಮೇಲೆ ಅತ್ತಳು. ನಾನು ಅಳಲಿಲ್ಲ, ಹಿಂದೆ ಸಾಲು ಇತ್ತು.

ಗೋಚಾನಿಗೂ ಮಾಡಿದೆ.

"ಹೇಗಿದಾಳೆ?"

"ಊಟ ಮಾಡ್ತಾಳೆ. ಮಾತಿಲ್ಲ."

"ನಿನ್ನ ಮಗಳು."

ನಕ್ಕನೇನೋ, ಉಸಿರು ಕೇಳಿಸಿತು. ಆಮೇಲೆ ಅಂದ, "ಅಕ್ಕಾ, ಬಾಗಿಲು ಒಡೀತಾರೆ ಅಂತ ನಂಗೆ ಯಾರೂ ಹೇಳಿರಲಿಲ್ಲ. ಸುಮ್ನೆ ಹೋಗಿ ಕರ್ಕೊಂಡು ಬರ್ತೀವಿ ಅಂದಿದ್ರು. ನಾನು ಕೆಳಗೇ ಇದ್ದೆ. ಆ ಸದ್ದು ಕೇಳಿ ಓಡಿ ಹೋಗೋಣ ಅಂದ್ರೆ ಬಿಡಲಿಲ್ಲ. ಆದರೆ ಒಂದು. ಅವಳು ನನ್ನನ್ನೇ ಕೂಗಿದಳು. ಮಾಮಾ, ಮಾಮಾ ಅಂತ. ಮೂರು ವರ್ಷ ಆದ್ರೂ ಮರ್ತಿಲ್ಲ ನೋಡಿ."

ನಿಜ ನಾಲಿಗೆ ತುದಿಗೆ ಬಂತು.

"ಹೌದು. ಕೇಳಿಸ್ತು ನಂಗೂ," ಅಂದೆ.

ಮಾರ್ಚ್ 27

ನಾಳೆ ನನ್ನನ್ನು ಕಳಿಸುತ್ತಾರೆ. ಐದು ವರ್ಷ ಇಲ್ಲಿಗೆ ಕಾಲಿಡುವ ಹಾಗಿಲ್ಲ. ಅಧಿಕಾರಿ ಚಿಕ್ಕವನು. "ಅಲ್ಲಿ ನಿಮ್ಮವರು ಯಾರಾದ್ರೂ ಇದಾರಾ?" ಎಂದು ಕೇಳಿದ.

"ಒಬ್ಬಳನ್ನ ನೀವೇ ಮೊದಲು ಕಳಿಸಿದೀರಲ್ಲ," ಅಂದೆ. ಅವನಿಗೆ ಅರ್ಥವಾಗಲಿಲ್ಲ. ಸಹಿ ಹಾಕಿಸಿಕೊಂಡ.

ಏಪ್ರಿಲ್ 5, ಜೆಸ್ಟಫೋನಿ ಹತ್ತಿರ, ಗೋಚಾನ ಮನೆ

ಬಸ್ ಇಳಿದು ನಡೆದು ಬಂದೆ. ಗೇಟಿನ ಹತ್ತಿರ ಕೈ ಎತ್ತಿದ್ದೆ. ಗೋಚಾ ಅಂಗಳದಿಂದ ಓಡಿ ಬಂದು ಕೈ ಹಿಡಿದುಕೊಂಡ.

"ತಟ್ಟಬೇಡಿ."

ಗೇಟು ತಟ್ಟಿದರೆ ಸಾಕಂತೆ, ಲಿಲೆ ಮಂಚದ ಕೆಳಗೆ. ಊಟದ ಹೊತ್ತಾದರೂ ಬರುವುದಿಲ್ಲ. ಹಾಗಾಗಿ ಈ ಮನೆಗೆ ಯಾರೂ ತಟ್ಟುವುದಿಲ್ಲ, ಅಂಚೆಯವನೂ ರಸ್ತೆಯಿಂದಲೇ ಕೆಮ್ಮುತ್ತಾನೆ. ಬಾಗಿಲ ಚಿಲಕವನ್ನೂ ಗೋಚಾ ಕಿತ್ತು ಹಾಕಿದ್ದಾನೆ. ಮುಚ್ಚಿದ ಬಾಗಿಲು ಕಂಡರೂ ಅವಳಿಗೆ ಆಗುವುದಿಲ್ಲವಂತೆ.

"ನಾನು ಬರ್ತೀನಿ ಅಂತ ಹೇಳಿದ್ಯಾ?"

"ಹೇಳ್ದೆ."

"ಏನಂದಳು?"

ಅವನು ಬೂಟಿನ ಮಣ್ಣು ಕೆರೆದ. "ದೊಡ್ಡಮ್ಮ ಸುಳ್ಳು ಹೇಳ್ತಾಳೆ ಅಂದಳು. ಯಾರೂ ಬರಲ್ಲ ಅಂದಿದ್ರಂತೆ ನೀವು."

ಅಂದಿದ್ದೆ.

"ಕರೀಬೇಡಿ. ಅವಳ ಕಡೆ ನೋಡಲೂಬೇಡಿ. ಏನಾದ್ರೂ ಕೆಲಸ ಮಾಡ್ತಾ ಕೂತಿರಿ. ನಾನೂ ಹಾಗೇ ಮಾಡಿದ್ದು, ಹದಿನೈದು ದಿನ ಬೇಲಿ ರಿಪೇರಿ ಮಾಡ್ದೆ. ಬೇಲಿ ಚೆನ್ನಾಗೇ ಇತ್ತು."

ಹಾಗಾಗಿ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬರೆಯಲು ಏನೂ ಇಲ್ಲ. ದ್ರಾಕ್ಷಿ ಬಳ್ಳಿ ಇನ್ನೂ ಬೋಳು. ಕೋಳಿಗಳು. ಗೋಚಾನ ತಾಯಿ ಒಳಗೆ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಬಿಸಿಲು ಚೆನ್ನಾಗಿದೆ.

ಮೆಟ್ಟಿಲ ಮೇಲೆ ಸದ್ದು. ಕೋಳಿ ಇರಬೇಕು.

ಕೋಳಿಯಲ್ಲ. ಚಪ್ಪಲಿಯಿಲ್ಲದ ಕಾಲು. ತಲೆ ಎತ್ತಬಾರದು. ನಿಂತಿದ್ದಾಳೆ. ಬರೆಯುತ್ತಲೇ ಇರಬೇಕು. ಏನಾದರೂ ಬರೆ. ಬಿಸಿಲು. ಕೋಳಿ. ಬೆಂಚಿನ ಆ ತುದಿ ಸ್ವಲ್ಪ ಅಲ್ಲಾಡಿತು... ಇಲ್ಲ, ನೋಡಲ್ಲ. ಪುಸ್ತಕದ ಮೇಲೆ ನೆರಳು ಬಿತ್ತು. "ಏನು ಬರೀತಿದೀಯಾ, ದೊಡ್ಡಮ್ಮಾ?"