ಅರಗು ಹಿಡಿಸಿದ ಭೂಮಿ

ಬಿಂಡಿಗನವಿಲೆ
14 ಅಕ್ಟೋಬರ್ 1999

ನನ್ನ ತಂಗಿ ಸೌಮ್ಯಶ್ರೀಗೆ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಹತ್ತನೇ ತರಗತಿ ಪರೀಕ್ಷೆಗೆ ಖಾಸಗಿಯಾಗಿ ಕೂರಬಹುದಂತೆ, ನಿನ್ನ ಮನೆಯವರೂ ಕೂರು ಅನ್ನುತ್ತಿದ್ದಾರೆ, ಆದರೆ ನಿನಗೇ ಧೈರ್ಯವಿಲ್ಲ ಎಂದು ಬರೆದಿದ್ದೀಯ. 'ಏಳನೇ ಕ್ಲಾಸಿನಲ್ಲಿ ನಾಲ್ಕು ಮಾತು ನೆಟ್ಟಗೆ ಹೇಳಲಾಗದೆ ಸೋತು ಬಂದವಳು ನಾನು, ನನ್ನ ತಲೆ ಅಷ್ಟೇ ಅಣ್ಣ' ಎಂಬ ಸಾಲನ್ನು ಉಳಿ ಕೆಳಗಿಟ್ಟು ಮತ್ತೆ ಮತ್ತೆ ಓದಿದೆ. ನೀನು ಸೋಲಲಿಲ್ಲ ಸೌಮ್ಯ. ನಾನು ಸೋಲಿಸಿದೆ. ಎದುರು ನಿಂತು ಹೇಳುವ ಬಾಯಿ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ನಾಲ್ಕನೇ ತರಗತಿಗೆ ನಿಂತ ಕನ್ನಡ, ತಪ್ಪಿದ್ದರೆ ತಿದ್ದಿಕೊ.

ಆ ವರ್ಷ ನಾಗಮಂಗಲದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಭೂಮಿಯ ಒಳಗನ್ನು ತೋರಿಸುವ ಗೋಳ ಬೇಕೆಂದು ಜವರಯ್ಯ ಮೇಷ್ಟ್ರು ನಿನಗೆ ಹೇಳಿದ್ದರು. ಅಪ್ಪ ಒಂದೇ ಮಾತು ಅಂದಿದ್ದ: "ತಾಲ್ಲೂಕ್ನಲ್ಲಿ ಗೆದ್ದು ಬಾ, ಐಸ್ಕೂಲ್ಗೆ ಸೇರುಸ್ತೀನಿ. ಇಲ್ದಿದ್ರೆ ಮನೇಲಿರು." ನೀನು ಓಡಿ ಬಂದದ್ದು ಮರ ತಿರುಗಿಸಿ ಕಡೆಯುವ ನನ್ನ ಕಡಸಲು ಯಂತ್ರದ ಹತ್ತಿರ. ಕುಂಕುಮ ಭರಣಿ, ತೊಟ್ಟಿಲ ಗುಂಡು ಕಡೆಯುತ್ತಿದ್ದವನಿಗೆ ಭೂಮಿಯನ್ನೇ ಕಡೆಯುವ ಕೆಲಸ ಬಂದಿತ್ತು.

ಹದಿನೈದು ದಿನ ಸಂಜೆ ನೀನು ಪುಸ್ತಕ ಓದುತ್ತಿದ್ದೆ, ನಾನು ಕಡೆಯುತ್ತಿದ್ದೆ. ನಡುವಿನ ಒಳ ಕೇಂದ್ರಗೋಳ ಗಟ್ಟಿ ಎಂದು ನೀನು ಅಂದೆ, ಅದಕ್ಕೆ ನಾನು ಹುಣಸೆಮರದ ನಡುವಿನ ಗಟ್ಟಿ ಚೇಗು ಹಾಕಿದೆ. ಅದರ ಸುತ್ತ ಕರಗಿದ ಕಬ್ಬಿಣ, ಅದಕ್ಕೆ ಕಿತ್ತಳೆ ಬಣ್ಣದ ಟೊಳ್ಳು ಗೋಳ. ಅದರ ಮೇಲೆ ದಪ್ಪನೆಯ ಕಲ್ಲಿನ ಪದರ, ಮ್ಯಾಂಟಲ್. ಒಂದರೊಳಗೊಂದು ಕೂರುವ ಭರಣಿಗಳಂತೆ ಎಲ್ಲವೂ ಬಿಚ್ಚಿ ಮುಚ್ಚುವ ಎರಡೆರಡು ಹೋಳು. ನಾವು ನಡೆದಾಡುವ ಭೂಕವಚ ಎಷ್ಟು ದಪ್ಪ ಎಂದು ನಾನು ಕೇಳಿದಾಗ ನೀನು ಲೆಕ್ಕ ಹಾಕಿ ನಕ್ಕೆ. "ನೀನು ಮೇಲೆ ಬಳೀತೀಯಲ್ಲ ಅರಗು, ಅಷ್ಟೇ ಕಣಣ್ಣ!" ನಮ್ಮ ಬೆಟ್ಟ, ಬಾವಿ, ಕೆರೆ ಎಲ್ಲವೂ ಒಂದು ಅರಗಿನ ಲೇಪದೊಳಗೆ. ಕೈಯಲ್ಲಿದ್ದ ಅರಗಿನ ಕಡ್ಡಿಯನ್ನು ನಾನು ಎಷ್ಟೋ ಹೊತ್ತು ನೋಡಿದೆ. ನಾನು ಸ್ಕೂಲು ಬಿಟ್ಟದ್ದಕ್ಕೆ ಅವತ್ತು ಮೊದಲ ಸಲ ಸಂಕಟವಾಯಿತು.

ಆಮೇಲೆ ನಾನು ಕೇಳಿದೆ: "ಯಾರೂ ಒಳಕ್ಕೋಗಿ ನೋಡಿಲ್ಲ ಅಂದ್ಮೇಲೆ ಎಂಗೆ ಗೊತ್ತಾಯ್ತು?" ಭೂಕಂಪದ ಅಲೆಗಳು ಒಳಗೆ ಎಲ್ಲಿ ಬಾಗುತ್ತವೆ, ಎಲ್ಲಿ ನಿಲ್ಲುತ್ತವೆ ಎಂದು ಅಳೆದು ತಿಳಿದರು ಅಂತ ನೀನು ಅಂದೆ. ಅಲೆ ಯಾಕೆ ಬಾಗುತ್ತೆ ಎಂದು ನಾನು ಮತ್ತೆ ಕೇಳಿದೆ. "ನಿಂಗ್ಯಾಕಣ್ಣ ಅದೆಲ್ಲ, ನೀನು ಕಡಿ ಸಾಕು" ಅಂದುಬಿಟ್ಟೆ. ತಮಾಷೆಗೇ ಅಂದದ್ದು. ಅದೇ ಸಂಜೆ ಗೋಳಕ್ಕೆ ಅಂಟಿಸುವ ಚೀಟಿಯಲ್ಲಿ ನೀನು ಬರೆದೆ: 'ತಯಾರಿಸಿದವರು: ಸೌಮ್ಯಶ್ರೀ, ಏಳನೇ ತರಗತಿ.' ವಿದ್ಯಾರ್ಥಿಯ ಹೆಸರೇ ಇರಬೇಕೆಂದು ಮೇಷ್ಟ್ರು ಹೇಳಿದ್ದು ನನಗೂ ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆ ಉರಿಯಿತು.

ನೀನು ನೀರಿಗೆ ಹೋಗಿದ್ದೆ. ನಾನು ಗೋಳವನ್ನು ಮುಚ್ಚಿ ಕಡಸಲಿಗೆ ಏರಿಸಿ ತಿರುಗಿಸಿದೆ. ಹೋಳುಗಳು ಕೂಡಿದ ಗೆರೆಯ ಮೇಲೆ ಅರಗಿನ ಕಡ್ಡಿ ಒತ್ತಿ ಹಿಡಿದೆ. ತಿರುಗುವ ಬಿಸಿಗೆ ಅರಗು ಕರಗಿ ಒಳಗಿಳಿದು ಹೋಳುಗಳನ್ನು ಅಂಟಿಸಿತು. ತಾಳೆಗರಿಯಿಂದ ಉಜ್ಜಿದೆ. ಗೆರೆಯೇ ಕಾಣದಂತೆ ಹೊಳೆಯಿತು. ನೀನು ಬಂದು "ಎಷ್ಟು ಚೆನ್ನಾಗದೆ!" ಎಂದು ಅದಕ್ಕೆ ಮುತ್ತು ಕೊಟ್ಟೆ. ತೆರೆದು ನೋಡಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.

ನಾಗಮಂಗಲದಲ್ಲಿ ನಾನು ಕಂಬದ ಹಿಂದೆ ನಿಂತಿದ್ದೆ. ಒಳಗನ್ನು ತೋರಿಸಮ್ಮ ಎಂದು ತೀರ್ಪುಗಾರರು ಅಂದರು. ನೀನು ತಿರುಚಿದೆ, ಎಳೆದೆ, ಅಂಗೈ ಕೆಂಪಾಯಿತು. "ಏನವ್ವ, ನಿನ್ ಭೂಮಿ ಒಳಗಿಂದ ಚಿಲ್ಕ ಆಕೊಂಡದಲ್ಲ!" ಎಂದು ಅವರಲ್ಲಿ ಒಬ್ಬರು ಅಂದರು. ಎಲ್ಲರೂ ನಕ್ಕರು. ಆ ನಗುವಿನ ನಡುವೆ ನೀನು ನಡುಗುವ ದನಿಯಲ್ಲಿ ಭೂಕವಚದಿಂದ ಶುರುಮಾಡಿದೆ. ಮ್ಯಾಂಟಲ್ ಮುಗಿಯುವುದರೊಳಗೆ ಅವರು ಪಕ್ಕದ ಮೇಜಿಗೆ ಹೋಗಿದ್ದರು. ಕಂಬದ ಹಿಂದೆ ನನಗೆ ಕೇಳಿಸುತ್ತಿತ್ತು. ಯಾರೂ ನಿಲ್ಲದ ಜಾಗದಲ್ಲಿ ನೀನು ಕೇಂದ್ರಗೋಳದವರೆಗೂ ಪೂರ್ತಿ ಹೇಳಿ ಮುಗಿಸಿದೆ. ಒಂದು ಮಾತೂ ತಪ್ಪಿರಲಿಲ್ಲ. ಇದಕ್ಕೆ ಸಾಕ್ಷಿ ನಾನೊಬ್ಬನೇ. ಏಳು ವರ್ಷ ಆ ಸಾಕ್ಷಿ ಹೇಳದೆ ಕೂತೆ.

ಸೋತು ಮರಳುವ ಬಸ್ಸಿನಲ್ಲಿ, ಮರೆತು ಮುಚ್ಚಿದ ಮೇಲೆ ಅರಗು ಹಿಡಿದುಬಿಟ್ಟೆ ಎಂದು ನಾನು ಸುಳ್ಳು ಹೇಳಿದೆ. "ನೀನೇನ್ ಬೇಕೂಂತ ಮಾಡಿದ್ಯಾ, ಬುಡಣ್ಣ" ಎಂದು ನೀನು ನನ್ನನ್ನೇ ಸಮಾಧಾನ ಮಾಡಿದೆ. ಆ ಮಾತು ಇವತ್ತಿಗೂ ನನ್ನನ್ನು ಮಲಗಲು ಬಿಡುವುದಿಲ್ಲ.

ಮೊನ್ನೆ ಅಪ್ಪನಿಗೆ ಎಲ್ಲ ಹೇಳಿದೆ. ಉಳಿ ಮಸೆಯುತ್ತಿದ್ದವನು ತಲೆ ಎತ್ತಲಿಲ್ಲ. "ಅವತ್ತೇ ಗೊತ್ತಿತ್ತು ಕಣ್ಲಾ. ಮುಚ್ಚಳ ಮುಚ್ಚಿ ಅರಗಿಡಿಯಕ್ಕೆ ನೀನೇನು ಎಳೆ ಮಗೀನಾ?"

"ಗೊತ್ತಿದ್ದೂ ಯಾಕಪ್ಪ ಸುಮ್ಕಿದ್ದೆ?"

ಉಳಿಯ ಅಲಗನ್ನು ಬೆರಳಲ್ಲಿ ಸವರಿ ಅಂದ: "ನಂಗೂ ಆ ಹೆಣ್ಮಗ ಮನೇಲೇ ಇರ್ಲಿ ಅನ್ನುಸ್ತು."

ನಿನ್ನನ್ನು ತಡೆದದ್ದು ನಿನ್ನ ತಲೆಯಲ್ಲ, ನಾವಿಬ್ಬರು ಗಂಡಸರು. ಅಪ್ಪನ ಪಾಲು ಇದೆಯೆಂದು ನನ್ನದು ಕಮ್ಮಿಯಾಗುವುದಿಲ್ಲ. ನಾನು ಮುಚ್ಚದಿದ್ದರೆ ಅವನಿಗೆ ಸುಮ್ಮನಿರಲು ಏನೂ ಇರುತ್ತಿರಲಿಲ್ಲ.

ಇದರ ಜೊತೆ ನಿನ್ನ ವರ್ಗಾವಣೆ ಪತ್ರವೂ ಅಂಕಪಟ್ಟಿಯೂ ಇವೆ. ನಿನ್ನೆ ಸ್ಕೂಲಿಗೆ ಹೋಗಿ ಈಸಿಕೊಂಡು ಬಂದೆ. ಏಳನೇ ತರಗತಿಯ ಅಂಕಗಳನ್ನು ನೋಡು, ನಿನ್ನ ತಲೆ ಎಷ್ಟು ಎಂದು ಅದರಲ್ಲೇ ಇದೆ. ಅರ್ಜಿ ತುಂಬುವಾಗ ನನ್ನನ್ನು ನೆನೆಸಿಕೊಳ್ಳಬೇಡ. ಕ್ಷಮಿಸು ಎಂದೂ ಕೇಳುವುದಿಲ್ಲ. ಕ್ಷಮಿಸದೆಯೇ ಪಾಸು ಮಾಡು. ಹಬ್ಬಕ್ಕೆ ತವರಿಗೆ ಬರದಿದ್ದರೂ ಸರಿ, ಪರೀಕ್ಷೆಗೆ ಮಾತ್ರ ಹೋಗು.

ನೀನು ಓದಿದಷ್ಟೂ ನಿನ್ನದಾಗಲಿ ತಾಯಿ.

ಅಣ್ಣ ಅನ್ನಿಸಿಕೊಳ್ಳಲು ಇವತ್ತು ನಾಚುತ್ತಿರುವ,
ಕಾಳಪ್ಪ