ಬೋರಿನ ಕ್ಯಾಮೆರಾದಲ್ಲಿ ಅವ್ವನ ಫೋಟೋ

ಮೋರಟಗಿ, ತಾ. ಸಿಂದಗಿ
೧೪ ಸೆಪ್ಟೆಂಬರ್ ೨೦೨೫, ರವಿವಾರ

ಪ್ರೀತಿಯ ತಮ್ಮ ಕಾಂತೂಗೆ ಅಕ್ಕ ಸುವರ್ಣಾಳ ಆಶೀರ್ವಾದ,

ಮೊನ್ನೆ ಒಂದು ಕೆಟ್ಟ ಕನಸು ಬಿತ್ತು. ಅದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಬರೆಯಲು ಕೈ ಓಡುವುದಿಲ್ಲ. ನಳದ ಕೆಳಗೆ ಕೂತು ಅವ್ವನ ಸೀರೆ ಒಗೆಯುತ್ತಿದ್ದೆ. ಬಣ್ಣ ಬಿಡುತ್ತಲೇ ಇತ್ತು. ನೀರು ಹಸಿರಾಗಿ ಗಟಾರಕ್ಕೆ ಹರಿಯುತ್ತಿತ್ತು. ಇಂದ್ರಾಬಾಯಿ ಚಿಗವ್ವ ಹಿಂದೆ ನಿಂತು "ಸಾಕ ಮಾಡ, ಎಷ್ಟ ತಿಕ್ಕತಿ" ಅನ್ನುತ್ತಿದ್ದಳು. ಕಡೆಗೆ ನೋಡಿದರೆ ಕೈಯಲ್ಲಿ ಬಟ್ಟೆಯೇ ಇಲ್ಲ, ಬರೀ ನೀರು. ಎಚ್ಚರವಾಯಿತು. ಕನಸಿನಲ್ಲೂ ನನಗೆ ಅಳು ಬರಲಿಲ್ಲ. ಇರಲಿ. ನಿನ್ನ ತಬಿಯತ್ತು ಹೇಗಿದೆ? ಸುರಂಗದ ಕೆಲಸದ ಧೂಳಿಗೆ ಕೆಮ್ಮು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ? ಮೂಗಿಗೆ ಕಟ್ಟಿಕೊಳ್ಳಲು ಕಂಪನಿಯವರು ಕೊಟ್ಟದ್ದನ್ನು ಕಟ್ಟಿಕೊಳ್ಳುತ್ತೀಯೋ ಕೊರಳಿಗೆ ಜೋತು ಹಾಕಿಕೊಂಡು ತಿರುಗುತ್ತೀಯೋ? ಅಲ್ಲಿ ಗುಡ್ಡ ಇನ್ನೂ ಕುಸಿಯುತ್ತಿದೆ ಅಂತ ಟೀವಿಯಲ್ಲಿ ತೋರಿಸಿದರು. ಅದು ನಿನ್ನ ಕಡೆಯದೋ ಬೇರೆ ಕಡೆಯದೋ ತಿಳಿಯಲಿಲ್ಲ. ಅಪ್ಪನಿಗೆ ಟೀವಿ ಬಂದ್ ಮಾಡು ಅಂದೆ.

ಇಲ್ಲಿ ಅಪ್ಪ ಆರಾಮ ಇದ್ದಾನೆ. ಮೊಣಕಾಲು ಮಾತ್ರ ಹಾಗೆಯೇ. ಎರಡು ಹೊತ್ತು ಊಟ ಮಾಡುತ್ತಾನೆ. ನಾನೂ ಮಾಡುತ್ತೇನೆ. ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುವುದಿಲ್ಲ, ಅವನೂ ಕೇಳುವುದಿಲ್ಲ, ಸುಮ್ಮನೆ ತಿನ್ನುತ್ತೇವೆ. ನಮ್ಮ ಮನೆಯವರು ದೇವಣಗಾಂವದಿಂದ ಎರಡು ಸಲ ಬಂದು ಹೋದರು, ಇನ್ನೊಂದು ತಿಂಗಳು ಇಲ್ಲೇ ಇರು ಅಂದಿದ್ದಾರೆ. ಅವ್ವ ಹೋಗಿ ತಿಂಗಳ ಮೇಲೆ ಎರಡು ದಿನವಾಯಿತು. ಗ್ಯಾಸ್ ಬಂದ್ ಮಾಡಿದೆನೋ ಅಂತ ರಾತ್ರಿ ಮೂರು ಸಲ ಎದ್ದು ನೋಡುತ್ತೇನೆ. ಅದು ಮೊದಲಿನಿಂದಲೂ ಇದ್ದ ರೋಗ, ನಿನಗೆ ಗೊತ್ತೇ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಕಳಿಸಿದ ಆ ಮಾತಿನ ಮೆಸೇಜನ್ನು ಎಷ್ಟು ಸಲ ಕೇಳಿದೆನೋ. "ಅಕ್ಕಾ, ಅವ್ವಗ ಬಿಳೀ ಸೀರಿ ಉಡಿಸಿ ಕೂಡಿಸೀರೇನು? ಅಪ್ಪ ಇನ್ನಾ ಜೀವಂತ ಕುಂತಾನ. ಮುತ್ತೈದಿನ್ನ ಹಂಗ ಕಳಸ್ತಾರೇನು? ನಾ ಕಳಿಸಿದ ಹಸಿರು ಸೀರಿ ಎಲ್ಲಿಟ್ರಿ? ಇನ್ನ ಮ್ಯಾಲ ನನಗ ಫೋನ್ ಹಚ್ಚಬ್ಯಾಡ್ರಿ." ಅಷ್ಟೇ. ಆಮೇಲೆ ನಿನ್ನ ಫೋನು ಹತ್ತಲೇ ಇಲ್ಲ. ರಸ್ತೆ ಕುಸಿದು ನೀನು ಚೆಕ್‌ಪೋಸ್ಟಿನಿಂದ ತಿರುಗಿ ಹೋದೆ, ಮಣ್ಣಿಗೆ ಬರಲಾಗಲಿಲ್ಲ. ನಿನಗೆ ಅವ್ವನ ಕಡೆಯ ಮುಖ ಅಂದರೆ ನಾವು ಫೋನಿಗೆ ಕಳಿಸಿದ ಆ ಒಂದು ಫೋಟೋ. ಅದರಲ್ಲಿ ಸೀರೆ ಬೂದಿಯ ಬಣ್ಣ, ಮುಖ ನೀಲಿ. ನೋಡಿದವರಿಗೆ ಸಿಟ್ಟು ಬರದೆ ಏನು ಬರುತ್ತದೆ? ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹಾಗೆ ಆದದ್ದು ಯಾಕೆ ಅಂತ ನಿನಗೆ ತಿಳಿಯಬೇಕು. ನೀನು ಈ ಮನೆಗೆ ಮತ್ತೆ ಬರುವುದು ಬಿಡುವುದು ಆ ಒಂದು ಸೀರೆಯ ಮೇಲೆ ನಿಂತಿದೆ ಅಂತ ನನಗೆ ಅನ್ನಿಸಿದೆ. ಅದಕ್ಕೇ ಈ ಕಾಗದ.

ಅವತ್ತು ಅವ್ವನನ್ನು ಅಂಗಳದ ಗೋಡೆಗೆ ಒರಗಿಸಿ ಕೂಡಿಸಿದ್ದರು. ವಿಭೂತಿ ಹಚ್ಚಿ, ಹೂವಿನ ದಂಡಿ ಹಾಕಿ, ತಲೆ ವಾಲದ ಹಾಗೆ ಹಿಂದಿನ ಗೂಟಕ್ಕೆ ಪಟ್ಟಿ ಕಟ್ಟಿದ್ದರು. ನಾನು ಬಲಗಡೆ ಭುಜ ಹಿಡಿದು ಕೂತಿದ್ದೆ. ಯಾರೋ ಮೊಬೈಲ್ ಎತ್ತಿದರು. ಅಪ್ಪ ಒಮ್ಮೆಲೇ ಒದರಿದ: "ಯಾರೂ ಮೊಬೈಲ್ ಎತ್ತಬ್ಯಾಡ್ರಿ! ನಾಳೆ ಸ್ಟೇಟಸ್‌ಕ ಹಾಕಿ ಹಾಡ ಹಚ್ಚತೀರಿ. ಕ್ಯಾಮೆರಾ ಇದ್ದಾವನ್ನ ಕರೀರಿ, ಒಂದ ಫೋಟೋ ಸಾಕು." ಸಿಂದಗಿಯ ಸ್ಟುಡಿಯೋದ ದುಂಡೇಶನಿಗೆ ಫೋನ್ ಹಚ್ಚಿದರೆ ಅವನು ಇಂಡಿಗೆ ಯಾರದೋ ಕಾರ್ಯಕ್ರಮಕ್ಕೆ ಹೋಗಿದ್ದ. ಊರಲ್ಲಿ ಕ್ಯಾಮೆರಾ ಅಂತ ಇದ್ದದ್ದು ನಿಯಾಜನ ಹತ್ತಿರ ಮಾತ್ರ. ಬೋರಿನ ಮೋಟಾರು ಎತ್ತುವ ನಿಯಾಜ, ನಿನ್ನ ಜೊತೆ ಸಾಲಿಗೆ ಹೋದವನು. ಕಡ್ಡಿಪೆಟ್ಟಿಗೆಗಿಂತ ತುಸು ದೊಡ್ಡದು ಆ ಕ್ಯಾಮೆರಾ, ಆಕ್ಷನ್ ಕ್ಯಾಮೆರಾ ಅನ್ನುತ್ತಾರೆ. ಬೈಕಿನವರು ತಲೆಗೆ ಕಟ್ಟಿಕೊಳ್ಳುತ್ತಾರಲ್ಲ, ಅದು. ಅವನು ಅದನ್ನು ಬ್ಯಾಟರಿ ಲೈಟಿನ ಜೊತೆ ಹಗ್ಗಕ್ಕೆ ಕಟ್ಟಿ ಬೋರಿನೊಳಗೆ ಬಿಡುತ್ತಾನೆ, ಮೋಟಾರು ಎಲ್ಲಿ ಸಿಕ್ಕಿದೆ, ಪೈಪು ಎಲ್ಲಿ ಒಡೆದಿದೆ ನೋಡಲು. ಅಪ್ಪನಿಗೆ ಕ್ಯಾಮೆರಾ ಅಂದರೆ ಎಲ್ಲ ಒಂದೇ. ಅದರಿಂದಲೇ ಅವ್ವನ ಫೋಟೋ ತೆಗೆದರು.

ನಿನ್ನ ಮೆಸೇಜು ಬಂದ ಮರುದಿನ ನಿಯಾಜನನ್ನು ಕರೆಸಿ ಅದನ್ನು ಕೇಳಿಸಿದೆ. ಅವನು ಹೊಸ್ತಿಲ ಮೇಲೆ ಕೂತವನು ಒಳಗೆ ಬರಲಿಲ್ಲ. "ತಪ್ಪು ನಂದ್ರಿ ಅಕ್ಕಾ. ಹಿಂದಿನ ದಿನ ಬೋರಿಗೆ ಬಿಟ್ಟಿದ್ದೆ, ಅದ ಸೆಟ್ಟಿಂಗ್‌ದಾಗ ಇತ್ತು. ಅವತ್ತ ಅವಸರದಾಗ ನೋಡಲೇ ಇಲ್ಲ" ಅಂದ. ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು, ತಪ್ಪಿದ್ದರೆ ನೀನೇ ತಿದ್ದಿಕೋ. ಅವನ ಬ್ಯಾಟರಿಯ ಬೆಳಕು ಹಳದಿ. ಆ ಹಳದಿ ಕಳೆಯಲಿ ಅಂತ ಕ್ಯಾಮೆರಾಕ್ಕೆ ಮೂರು ಸಾವಿರದ ಇನ್ನೂರು ಅನ್ನುವ ನಂಬರು ಹಾಕಿ ಕೀಲಿ ಹಾಕಿದ ಹಾಗೆ ಇಟ್ಟುಬಿಡುತ್ತಾನೆ. ಬೋರಿನೊಳಗೆ ಅದು ಸರಿ. ಬಿಸಿಲಿನಲ್ಲಿ ಅದೇ ನಂಬರಿಗೆ ಹೊಡೆದರೆ ಎಲ್ಲವೂ ನೀಲಿಯಾಗುತ್ತದೆ. ಅದರ ಮೇಲೆ ಬಣ್ಣವನ್ನು ಫ್ಲ್ಯಾಟ್ ಅನ್ನುವಲ್ಲಿ ಇಟ್ಟಿದ್ದ. ಅಂದರೆ ಬಣ್ಣ ಸಪ್ಪಗೆ, ಕತ್ತಲ ಮೂಲೆಯೂ ಕಾಣಲಿ ಅಂತ. ಹಸಿರಿಗೆ ನೀಲಿ ಬಿದ್ದು, ಸಪ್ಪಗಾಗಿ, ಬೂದಿಯಾಯಿತು. ಇಷ್ಟೇ ಆದದ್ದು. ಅವ್ವ ಬಿಳಿ ಸೀರೆ ಉಟ್ಟಿರಲಿಲ್ಲ ಕಾಂತೂ.

ಬರೀ ಬಾಯಿಮಾತಿಗೆ ನೀನು ನಂಬುವುದಿಲ್ಲ ಅಂತ ಅನ್ನಿಸಿತು. ಅವತ್ತು ನಾನು ಉಟ್ಟಿದ್ದ ಕುಸುಬಿ ಹೂವಿನ ಕೇಸರಿ ಬಣ್ಣದ ಸೀರೆಯನ್ನೇ ಉಟ್ಟುಕೊಂಡು, ಅದೇ ಗೋಡೆಗೆ, ಅದೇ ಹೊತ್ತಿಗೆ, ಅವ್ವ ಕೂತಲ್ಲೇ ಕೂತೆ. ನಿಯಾಜ ಒಂದೊಂದು ಸೆಟ್ಟಿಂಗ್ ಬದಲಿಸಿ ಹೊಡೆದ. ಅಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಮೂರು ಸಾವಿರದ ಇನ್ನೂರಿಗೆ ಹೊಡೆದಾಗ ನನ್ನ ಮುಖವೂ ನೀಲಿ ಬಂತು, ಅವ್ವನ ಮುಖದ ಹಾಗೆಯೇ. ಕ್ಯಾಮೆರಾದ ತಿಳಿವಳಿಕೆಗೇ ಬಿಟ್ಟರೆ ಒಂದು ಸಲ ಒಂದು ಥರ, ಇನ್ನೊಂದು ಸಲ ಇನ್ನೊಂದು ಥರ. ವಿವಿಡ್ ಅನ್ನುವುದಕ್ಕೆ ಇಟ್ಟರೆ ನನ್ನ ಸೀರೆ ಬೆಂಕಿ ಹತ್ತಿದ ಹಾಗೆ. "ವಿವಿಡ್ ಸುಳ್ಳ ಹೇಳತೈತ್ರಿ ಅಕ್ಕಾ, ಆದ್ರ ಛಂದ ಹೇಳತೈತಿ" ಅಂದ ನಿಯಾಜ. ಐದು ಸಾವಿರದ ಐನೂರು, ಬಣ್ಣ ನ್ಯಾಚುರಲ್, ಅಲ್ಲಿಗೆ ಬಂದಾಗ ಸೀರೆ ಸೀರೆಯಂತೆ, ಗೋಡೆ ಗೋಡೆಯಂತೆ, ನಾನು ನನ್ನಂತೆ ಬಂದೆವು. ಅದನ್ನೇ ಹಿಡಿದೆವು.

ಒಂದು ಒಳ್ಳೆಯದೇನಂದರೆ ಅವನ ಕ್ಯಾಮೆರಾ ಪ್ರತಿ ಫೋಟೋ ಎರಡು ಥರ ಉಳಿಸುತ್ತದೆ. ಒಂದು ಬಣ್ಣ ಹಚ್ಚಿದ್ದು, ಇನ್ನೊಂದು ಕಚ್ಚಾ. ಕಚ್ಚಾದ್ದರ ಬಣ್ಣ ಆಮೇಲೂ ತಿದ್ದಬಹುದು. ಅವ್ವನ ಕಚ್ಚಾ ಫೋಟೋ ತೆಗೆದುಕೊಂಡು ಸಿಂದಗಿಗೆ ದುಂಡೇಶನ ಸ್ಟುಡಿಯೋಕ್ಕೆ ಹೋದೆ. ಚೀಲದಲ್ಲಿ ಆ ಕುಸುಬಿ ಸೀರೆಯೂ ಇತ್ತು. ಫೋಟೋದ ಅಂಚಿನಲ್ಲಿ ನನ್ನ ತೋಳು, ಸೆರಗು ಬಿದ್ದಿವೆ. ಆ ಕ್ಯಾಮೆರಾದಲ್ಲಿ ಅಂಚಿಗೆ ಬಂದವರೆಲ್ಲ ಬಾಗುತ್ತಾರೆ, ನನ್ನ ತೋಳು ಬಡಿಗೆಯಷ್ಟು ಉದ್ದ ಕಾಣುತ್ತದೆ. ಸೀರೆಯನ್ನು ಕಂಪ್ಯೂಟರಿನ ಪಕ್ಕಕ್ಕೆ ಹಿಡಿದು, ಈ ಬಣ್ಣ ಸರಿಯಾಗುವ ತನಕ ತಿದ್ದು, ಆಗ ಅವ್ವನದೂ ತಾನೇ ಸರಿಯಾಗುತ್ತದೆ ಅಂದೆ. "ಅಕ್ಕಾರ, ಮುಖ ಬೆಳ್ಳಗ ಮಾಡ್ಲೇನ್ರಿ? ಎಲ್ಲಾರೂ ಮಾಡಸ್ತಾರ" ಅಂದ ದುಂಡೇಶ. "ಸತ್ತಾಕಿನ್ನ ಬೆಳ್ಳಗ ಮಾಡಿ ಯಾರಿಗೆ ತೋರಸ್ತೀಯಪಾ" ಅಂದೆ. ಅಂಗಡಿಯಲ್ಲಿ ಇದ್ದವರು ನಕ್ಕರು. ನನಗೂ ನಗು ಬಂದಿತ್ತು ಅನ್ನಿಸುತ್ತದೆ, ಅಥವಾ ಬಾಯಿ ಮಾತ್ರ ಹಾಗೆ ಆಯಿತೋ ಏನೋ. ಅವನು ಒಂದು ಗೆರೆಯನ್ನು ಅತ್ತ ಇತ್ತ ಎಳೆದ. ನನ್ನ ಸೆರಗು ನೀಲಿಯಿಂದ ಮಾಸಲಾಯಿತು, ಮಾಸಲಿನಿಂದ ಕುಸುಬಿಯಾಯಿತು. ಅದೇ ಹೊತ್ತಿಗೆ ಪಕ್ಕದಲ್ಲಿ ಅವ್ವನ ಸೀರೆ ಹಸಿರಾಯಿತು. ದುಂಡೇಶ "ಬಂತ ನೋಡ್ರಿ" ಅಂದ. ಹೌದು ಅಂದೆ. ಅಳು ಬರಬಹುದು ಅಂತ ಕಾದೆ. ಬರಲಿಲ್ಲ. ಫ್ಯಾನಿನ ಸದ್ದು ಕೇಳುತ್ತಾ ಕೂತೆ.

ಮೂರು ಪ್ರತಿ ತೆಗೆಸಿದ್ದೇನೆ. ಒಂದಕ್ಕೊಂದು ಅಂಟಿಕೊಳ್ಳಬಾರದು ಅಂತ ನಡುವೆ ಪೇಪರು ಇಟ್ಟಿದ್ದೇನೆ, ಎಳೆಯಬೇಡ, ಮೆಲ್ಲಗೆ ಬಿಡಿಸು. ಹಿಂದೆ ಪೆನ್ಸಿಲಿನಿಂದ ನಂಬರು ಬರೆದಿದೆ. ಒಂದನೆಯದು ವಿವಿಡ್. ಅದರಲ್ಲಿ ಅವ್ವನ ತುಟಿ ಎಲಿಅಡಕಿ ಹಾಕಿಕೊಂಡ ಹಾಗೆ ಕೆಂಪು, ಯಾರದೋ ಮದುವೆಗೆ ಹೊರಟು ಕೂತ ಹಾಗೆ. ನೋಡಿದ ಕೂಡಲೇ ಅದೇ ಇರಲಿ ಅನ್ನಿಸಿತು, ಆಮೇಲೆ ಹೆದರಿಕೆಯಾಯಿತು. ಎರಡನೆಯದು ನ್ಯಾಚುರಲ್, ಐದು ಸಾವಿರದ ಐನೂರು. ಮೂರನೆಯದು ನಿನಗೆ ಮೊದಲು ಬಂದದ್ದೇ, ಹೋಲಿಸಿ ನೋಡಲು. ಅಪ್ಪ ಎರಡನೆಯದಕ್ಕೇ ಕಟ್ಟು ಹಾಕಿಸು ಅಂದ. "ಇದ ಆಕಿ" ಅಂದ, ಅಷ್ಟೇ. ಆದರೆ ನೀನು ನೋಡಿ ಹೂಂ ಅನ್ನದೆ ನಾನು ಗೋಡೆಗೆ ಮೊಳೆ ಹೊಡೆಸುವುದಿಲ್ಲ.

ಒಂದು ಚಿಂತೆ ಉಳಿದಿದೆ, ಬರೆಯದೆ ಇರಲಾರೆ. ನೀನು ಯುಗಾದಿಗೆ ಇಳಕಲ್ಲಿನ ಅಂಗಡಿಯಿಂದ ಕಳಿಸಿದ ಸೀರೆಯ ಅಂಚಿನ ದಡಿ ಕೆಂಪು. ನೀನೂ ಅದನ್ನು ಫೋನಿನಲ್ಲೇ ಆರಿಸಿದವನು, ಕೈಯಲ್ಲಿ ಹಿಡಿದು ನೋಡಿಲ್ಲ. ಫೋಟೋದಲ್ಲಿ ದಡಿ ವಿವಿಡ್ಡಿಗೆ ಕೆಂಪು ಕಾಣುತ್ತದೆ, ನ್ಯಾಚುರಲ್ಲಿಗೆ ಕಂದು. ಅವ್ವನ ಹತ್ತಿರ ಹಸಿರು ಸೀರೆ ಎರಡಿದ್ದವು. ಟ್ರಂಕಿನಿಂದ ತೆಗೆದುಕೊಟ್ಟವಳು ನಾನು, ಉಡಿಸಿದವಳು ಚಿಗವ್ವ. ನಿನ್ನದನ್ನೇ ಕೊಟ್ಟೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆದರೆ ತೆಗೆದುಕೊಟ್ಟ ಗಳಿಗೆ ನೆನಪಿಗೆ ಬರುವುದಿಲ್ಲ, ಎಷ್ಟು ತಿಣುಕಿದರೂ ಬರುವುದಿಲ್ಲ. ಹನ್ನೊಂದನೆಯ ದಿನ ಸೀರೆಗಳನ್ನು ಹಂಚುವಾಗ ಉಳಿದ ಹಸಿರು ಸೀರೆ ಮಡಿಕೆಯಲ್ಲೇ ಚಿಗವ್ವನ ಪಾಲಿಗೆ ಹೋಯಿತು. ಅವಳು ಮುದ್ದೇಬಿಹಾಳದಿಂದ ಅದರ ಫೋಟೋ ಕಳಿಸಿದಳು. ನನ್ನ ಫೋನಿನಲ್ಲಿ ದಡಿ ಕಿತ್ತಳೆ ಕಾಣುತ್ತದೆ, ಅಪ್ಪನ ಫೋನಿನಲ್ಲಿ ಕಪ್ಪು. ಫೋನಿನ ಬಣ್ಣವನ್ನು ನಾನು ಇನ್ನು ನಂಬುವುದಿಲ್ಲ. ನಾಡಿದ್ದು ಮಂಗಳವಾರ ಬಸ್ಸಿಗೆ ಹೋಗಿ ಕಣ್ಣಾರೆ ನೋಡಿ ಬಂದು, ಆಮೇಲೇ ಇದನ್ನು ಟಪಾಲಿಗೆ ಹಾಕುತ್ತೇನೆ.

ಊಟ ಬಿಡಬೇಡ. ಕ್ಯಾಂಪಿನ ಪಿನ್ ಕೋಡು ಹಳೇ ಚೀಟಿಯಿಂದ ಬರೆದಿದ್ದೇನೆ, ಮುಟ್ಟಿದರೆ ಸಾಕು. ಅಪ್ಪ ನಿನ್ನ ತಲೆಯ ಮೇಲೆ ಕೈ ಇಟ್ಟೆ ಅಂತ ಬರೆ ಅಂದಿದ್ದಾನೆ. ನಿಯಾಜ ಸಲಾಂ ಹೇಳಿದ್ದಾನೆ, ಮುಖ ತೋರಿಸಲು ನಾಚಿಕೆ ಅಂತಲೂ ಹೇಳಿದ್ದಾನೆ. ಬಸವಣ್ಣ ನಿನ್ನನ್ನು ಆ ಗುಡ್ಡದ ಕೆಳಗೆ ಕಾಪಾಡಲಿ.

ನಿನ್ನ ಅಕ್ಕ,
ಸುವರ್ಣಾ

ತಾ.ಕ.: ಬುಧವಾರ, ಅವಸರದಲ್ಲಿ ಬರೆಯುತ್ತಿದ್ದೇನೆ, ಟಪಾಲಿನವ ಹನ್ನೊಂದಕ್ಕೆ ಚೀಲ ಕಟ್ಟುತ್ತಾನೆ. ನಿನ್ನೆ ಬಸವನ ಬಾಗೇವಾಡಿಯಲ್ಲಿ ಬಸ್ ಬದಲಿಸಿ ಮುದ್ದೇಬಿಹಾಳಕ್ಕೆ ಹೋಗಿ ಬಂದೆ. ಚಿಗವ್ವನ ಮನೆಯಲ್ಲಿ ಇರುವುದೇ ನಿನ್ನ ಸೀರೆ. ಕೆಂಪು ದಡಿ, ಅಂಗಡಿಯ ಚೀಟಿ ಇನ್ನೂ ಹಚ್ಚಿಯೇ ಇದೆ. ಅವ್ವನಿಗೆ ಉಡಿಸಿದ್ದು ಅಪ್ಪ ಹಿಂದೆ ತಂದುಕೊಟ್ಟಿದ್ದ ಹಳೆಯದು. ಚಿಗವ್ವ ಅಂದಳು: "ನೀನ ಕೊಟ್ಟೆಲ್ಲಾ ಸುವರ್ಣಾ. ಹೊಸಾದು ಬ್ಯಾಡೇನ ಅಂತ ನಾ ಕೇಳಿದೆ. ಅದು ಇರ್ಲಿ ಚಿಗವ್ವ, ಕಾಂತು ಬಂದ ದಿನ ಅವ್ವ ಉಡ್ತಾಳ ಅಂದಿ. ಸತ್ತಾಕಿನ್ನ ಮುಂದ ಕೂಡಿಸಿಕೊಂಡು ಹಂಗ ಅಂದಿ. ನೀ ಕೊಟ್ಟ ಹಳೇದ ಉಡಿಸಿದಿವಿ." ಹಾಗೆ ಅಂದದ್ದು ನನಗೆ ನೆನಪಿಲ್ಲ. ಆದರೆ ಚಿಗವ್ವ ಸುಳ್ಳು ಹೇಳುವವಳಲ್ಲ. ಸೀರೆ ಈಗ ಇಲ್ಲಿ ಟ್ರಂಕಿನಲ್ಲಿದೆ, ಅವಳೇ ತಿರುಗಿ ಕೊಟ್ಟಳು. ನಿನ್ನದನ್ನು ಉಡಿಸಲಿಲ್ಲ ಅನ್ನುವ ನಿನ್ನ ಮಾತು ಖರೆ ಆಯಿತು, ಅದಕ್ಕೆ ನನ್ನನ್ನು ಏನು ಬೇಕಾದರೂ ಅನ್ನು. ಆದರೆ ಬಿಳಿ ಅಂದೆಯಲ್ಲ, ಅದು ಖರೆ ಅಲ್ಲ. ಎರಡನೇ ನಂಬರಿನ ಫೋಟೋವನ್ನು ಸುರಂಗದ ಲೈಟಿನಲ್ಲಿ ನೋಡಬೇಡ. ಹೊರಗೆ ಬಂದು ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡು. ದಡಿ ಬಿಡು. ಸೀರೆಯ ಒಡಲು ಹಸಿರು ಇದೆಯೋ ಇಲ್ಲವೋ, ಅಷ್ಟನ್ನು ಮಾತ್ರ ನೋಡಿ ಹೇಳು.